ಹಾಸನದ ಹುಡುಗರು

ಕನ್ನಡ ಸಿನೆಮಾಕ್ಕೆ ಕಾಲೇಜು ಹೊಸದಲ್ಲ. 1987ರ ‘ಪ್ರೇಮಲೋಕ’ದಲ್ಲೂ ಕಾಲೇಜಿತ್ತು, ಆದರೆ ಪರೀಕ್ಷೆಯ ಚಿಂತೆ ಯಾರಿಗಿತ್ತು? ಹಾಡಿಗೊಂದು ಅಂಗಳ ಬೇಕಿತ್ತು, ಅಷ್ಟೆ. 2009ರ ‘ಜಾಲಿ ಡೇಸ್’ ಇಂಜಿನಿಯರಿಂಗ್ ಹುಡುಗರ ಕತೆಯೇನೋ ಹೌದು, ಆದರೆ ಅದು ಶೇಖರ್ ಕಮ್ಮುಲರ ತೆಲುಗು ‘ಹ್ಯಾಪಿ ಡೇಸ್’ನಿಂದ (2007) ತಂದ ಕಡ.

‘ಕಿರಿಕ್ ಪಾರ್ಟಿ’ ಬಂದದ್ದು 2016ರ ಡಿಸೆಂಬರ್ 30ರಂದು. ನೋಟು ರದ್ದಾಗಿ ಎರಡು ತಿಂಗಳೂ ಆಗಿರಲಿಲ್ಲ, ಆದರೂ ಜನ ಸಾಲುಗಟ್ಟಿದರು. ಉಡುಪಿಯ ರಕ್ಷಿತ್ ಶೆಟ್ಟಿ ತಾವೇ ಇಂಜಿನಿಯರಿಂಗ್ ಓದಿದವರು. ಹಾಸ್ಟೆಲಿನ ನೆನಪುಗಳಿಂದಲೇ ಕತೆ ಕಟ್ಟಿದರು. ರಿಷಬ್ ಶೆಟ್ಟಿ ನಿರ್ದೇಶಿಸಿದರು. ಚಿತ್ರೀಕರಣಕ್ಕೆ ಬೆಂಗಳೂರಿನ ಗಾಜಿನ ಕಟ್ಟಡ ಹುಡುಕದೆ, 1960ರಲ್ಲಿ ಶುರುವಾದ ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿಗೆ ಹೋದರು. ನನಗೆ ಮುಖ್ಯವಾದದ್ದು ಇದೇ. ಜಿಲ್ಲಾ ಕೇಂದ್ರದ ಕಾಲೇಜಿನಿಂದ ಬಸ್ಸು ಹತ್ತಿ ಹೈದರಾಬಾದು, ಪುಣೆ ಸೇರಿದ ನಮ್ಮಂಥವರಿಗೆ ಆ ಕಾರಿಡಾರು, ಮೆಕ್ಯಾನಿಕಲ್ ಹುಡುಗರ ಆ ಬೆಂಚು, ಗೆಳೆಯರು ಸೇರಿ ಕೊಂಡ ಆ ಹಳೇ ಕಾರು ಎಲ್ಲವೂ ಗೊತ್ತಿದ್ದವು.

ತಕರಾರೂ ಒಂದಿದೆ. ಸಾನ್ವಿ ಸತ್ತದ್ದು ಕರ್ಣ ದೊಡ್ಡವನಾಗಲಿಕ್ಕೆ. ಅವಳು ಬದುಕಿದ್ದರೆ ಏನಾಗುತ್ತಿದ್ದಳೋ, ಸಿನೆಮಾ ಕೇಳುವುದಿಲ್ಲ. ನಗುನಗುತ್ತ ನೋಡಿದ ನಾವೂ ಆಗ ಕೇಳಲಿಲ್ಲ. ನಮ್ಮ ಕ್ಲಾಸಿನ ಹುಡುಗಿಯರ ಹಾಸ್ಟೆಲ್ ಕತೆ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

2018ರಲ್ಲಿ ತೆಲುಗಿನವರು ಇದನ್ನು ‘ಕಿರಾಕ್ ಪಾರ್ಟಿ’ ಎಂದು ಮಾಡಿಕೊಂಡರು. ಹಳೇ ಕಡ ತೀರಿತು. ನನ್ನ ತೆಲುಗು ರೂಮ್‌ಮೇಟು ಮಾತ್ರ ಕನ್ನಡದ್ದನ್ನೇ ಹಾಕು ಅನ್ನುತ್ತಾನೆ.