ಹವಾನಾದಲ್ಲಿ ಕಂಡ ಕಬ್ಬಿನ ಕಥೆ

2017ರಲ್ಲಿ ರೈತರ ತಂಡದ ಜೊತೆ ಕ್ಯೂಬಾ ದೇಶದ ರಾಜಧಾನಿ ಹವಾನಾಕ್ಕೆ ಹೋಗಿದ್ದೆ. ಹಳೇ ಕಾರು, ಬಣ್ಣ ಉದುರಿದ ದೊಡ್ಡ ಮನೆಗಳು ಹೋದೋರಿಗೆಲ್ಲ ಕಾಣ್ತವೆ. ನನ್ನ ತಲೆಯಲ್ಲಿ ಉಳಿದಿದ್ದು ಅಲ್ಲಿನ ಕಬ್ಬಿನ ಕಥೆ.

ಹಿಂದಿನ ಅಧ್ಯಕ್ಷರ ಅರಮನೆ ಈಗ ಕ್ರಾಂತಿಯ ಮ್ಯೂಸಿಯಂ. 1957ರ ಮಾರ್ಚ್ 13ರಂದು ಸರ್ವಾಧಿಕಾರಿ ಬಟಿಸ್ಟಾನನ್ನು ಕೊಲ್ಲೋಕೆ ವಿದ್ಯಾರ್ಥಿಗಳು ಅಲ್ಲಿಗೆ ನುಗ್ಗಿದ್ರು. ಆತ ತಪ್ಪಿಸಿಕೊಂಡ, ಸುಮಾರು ಹುಡುಗರು ಸತ್ತರು. ಮೆಟ್ಟಿಲ ಹತ್ರ ಗುಂಡಿನ ತೂತು ಹಾಗೇ ಬಿಟ್ಟಿದಾರೆ. 1959ರ ಜನವರಿ 1ಕ್ಕೆ ಬಟಿಸ್ಟಾ ದೇಶ ಬಿಟ್ಟು ಓಡಿದ. 8ಕ್ಕೆ ಫಿಡೆಲ್ ಕ್ಯಾಸ್ಟ್ರೊ ಹವಾನಾ ಸೇರಿದ್ರು.

ಅದೇ ಮೇ 17ಕ್ಕೆ ಭೂಸುಧಾರಣೆ ಕಾನೂನು ಬಂತು. ಮಿತಿ 402 ಹೆಕ್ಟೇರ್, ಅಂದ್ರೆ ಹತ್ರ ಹತ್ರ ಸಾವಿರ ಎಕರೆ! ನಮಗೆ ನಗು ಬರುತ್ತೆ. ಆದ್ರೆ ಅಮೆರಿಕದ ಸಕ್ಕರೆ ಕಂಪನಿಗಳ ಕೈಲಿ ಅದರ ಎಷ್ಟೋ ಪಟ್ಟು ಭೂಮಿ ಇತ್ತು. 1963ರಲ್ಲಿ ಮಿತಿಯನ್ನ 67 ಹೆಕ್ಟೇರ್‌ಗೆ ಇಳಿಸಿದ್ರು.

ಭೂಮಿಯ ಒಡೆತನ ಬದಲಾಯ್ತು, ಬೆಳೆ ಬದಲಾಗಲಿಲ್ಲ. 1960ರಲ್ಲಿ ಅಮೆರಿಕ ಸಕ್ಕರೆ ಕೊಳ್ಳೋದು ನಿಲ್ಲಿಸ್ತು, ಆ ಜಾಗಕ್ಕೆ ಸೋವಿಯತ್ ರಷ್ಯಾ ಬಂತು. ಒಳ್ಳೇ ರೇಟು, ಬದಲಿಗೆ ಎಣ್ಣೆ, ಗೊಬ್ಬರ, ಟ್ರ್ಯಾಕ್ಟರ್. 1970ಕ್ಕೆ 1 ಕೋಟಿ ಟನ್ ಸಕ್ಕರೆ ತೆಗೀಬೇಕು ಅಂತ ಪಟ್ಟಣದ ಜನರನ್ನೂ ಕಬ್ಬು ಕಡಿಯೋಕೆ ಕಳಿಸಿದ್ರು. ಆಗಿದ್ದು ಸುಮಾರು 85 ಲಕ್ಷ ಟನ್. ಉಳಿದ ಕೆಲಸಗಳು ಹಾಳುಬಿದ್ದವು.

1991ರಲ್ಲಿ ಸೋವಿಯತ್ ಒಡೆದುಹೋಯ್ತು. ಡೀಸೆಲ್ ಇಲ್ಲ, ಗೊಬ್ಬರ ಇಲ್ಲ, ಸಕ್ಕರೆಗೆ ಆ ರೇಟೂ ಇಲ್ಲ. ಟ್ರ್ಯಾಕ್ಟರ್ ನಿಂತವು, ಎತ್ತು ಮತ್ತೆ ನೊಗಕ್ಕೆ ಬಂದವು. ಜನ ಹಸಿವಲ್ಲಿ ಸೊರಗಿದ್ರು. ಆಗ ಹವಾನಾದೋರು ಖಾಲಿ ಸೈಟುಗಳಲ್ಲಿ ಕಟ್ಟೆ ಕಟ್ಟಿ, ಕಾಂಪೋಸ್ಟ್ ತುಂಬಿ ತರಕಾರಿ ಬೆಳೆದ್ರು. ಅಲಮಾರ್ ಅನ್ನೋ ಬಡಾವಣೆಯಲ್ಲಿ 1997ರಲ್ಲಿ ಶುರುವಾದ ಸಹಕಾರಿ ತೋಟ ನೋಡಿದೆ. ಸುತ್ತ ಅಪಾರ್ಟ್‌ಮೆಂಟು, ನಡುವೆ ಸೊಪ್ಪಿನ ಮಡಿ.

ಹಾಗಂತ ಎಲ್ಲ ಸರಿಹೋಯ್ತು ಅನ್ಕೋಬೇಡಿ. ಇವತ್ತಿಗೂ ಆ ದೇಶ ಹೊರಗಿಂದ ಆಹಾರ ತರಿಸುತ್ತೆ, ರೇಷನ್ ಮುಂದೆ ಕ್ಯೂ ಇದೆ.

ಆಗ ನನ್ನ ಎರಡೂವರೆ ಎಕರೆಯೂ ಪೂರ್ತಿ ಕಬ್ಬೇ, ಕೊಳ್ಳೋ ಕಾರ್ಖಾನೆಯೂ ಒಂದೇ. ವಾಪಸ್ ಬಂದ ಮೇಲೆ ಅರ್ಧ ಎಕರೆ ಕಬ್ಬು ಕಿತ್ತು ರಾಗಿ, ತೊಗರಿ, ಸೊಪ್ಪು ಹಾಕಿದೆ. ದುಡ್ಡು ಜಾಸ್ತಿ ಬಂತು ಅಂತ ಸುಳ್ಳು ಹೇಳಲ್ಲ. ಮನೆ ಊಟಕ್ಕೆ ಬಿಲ್ ಕಾಯೋದು ತಪ್ಪಿತು.

ಸರ್ಕಾರ ಬದಲಾದ್ರೂ ಬೆಳೆ ಒಂದೇ, ಕೊಳ್ಳೋನು ಒಬ್ಬನೇ ಆದ್ರೆ ರೈತನ ಜುಟ್ಟು ಇನ್ನೊಬ್ಬರ ಕೈಲೇ. ನಿಮ್ಮ ಹೊಲದಲ್ಲಿ ಮನೆಗೆ ಅಂತ ಎಷ್ಟು ಗುಂಟೆ ಬಿಟ್ಟಿದೀರಿ?