ನೆತ್ತಿಯ ಮೇಲಿನ ಬೋಲ್ಟು

ಎಂಜಿನ್ ಇಳಿಸುವಾಗ ಮುಕ್ಕಾಲು ಪಾಲು ಬೋಲ್ಟುಗಳು ಹೇಳಿಕಳಿಸಿದ ಕಾಫಿ ಬರುವಷ್ಟರಲ್ಲಿ ಕೈಗೆ ಬರುತ್ತವೆ. ಮಿಕ್ಕ ಒಂದೆರಡು ಸಂಜೆಯವರೆಗೂ ಕೂರಿಸುತ್ತವೆ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಂಟು ಹಾಕುವ ಬೆಲ್ ಹೌಸಿಂಗಿನ ನೆತ್ತಿಯ ಮೇಲಿನವು, ಸೆಲ್ಫ್ ಮೋಟಾರಿನ ಮೇಲ್ಗಡೆಯದು, ಸೈಲೆನ್ಸರ್ ಪೈಪು ಮ್ಯಾನಿಫೋಲ್ಡಿಗೆ ಸೇರುವಲ್ಲಿ ತುಕ್ಕು ತಿಂದು ಕೂತವು. ಕಣ್ಣಿಗೆ ಕಾಣವು, ಕಂಡರೂ ಸ್ಪಾನರ್ ತಿರುಗಲು ಜಾಗ ಇರುವುದಿಲ್ಲ. ಮೋಟಾರಿನ ಚರಿತ್ರೆ ಬರೆಯುವವರು ಯಾವ ಇಸವಿಯಲ್ಲಿ ಯಾವ ಊರಿಗೆ ಬಸ್ಸು ಬಂತು ಎಂದು ಬರೆಯುತ್ತಾರೆ. ಪಾಂಡವಪುರದಲ್ಲಿ ಶೆಡ್ಡು ಇಟ್ಟುಕೊಂಡಿರುವ ನನಗೆ ಆ ಚರಿತ್ರೆ ತಿಳಿದದ್ದು ಬೇರೆ ದಾರಿಯಲ್ಲಿ: ಯಾವ ಕಾಲದಲ್ಲಿ ಆ ಬೋಲ್ಟಿಗೆ ಏನು ಎಟುಕುತ್ತಿತ್ತು ಎಂಬುದರಲ್ಲಿ.

ಮೊದಲು ಎಟುಕಿದ್ದು ಹುಡುಗರ ಕೈ. 1970ರ ದಶಕದ ಆರಂಭದಲ್ಲಿ ನಮ್ಮಪ್ಪ ನನ್ನನ್ನು ಶ್ರೀರಂಗಪಟ್ಟಣದ ಒಂದು ಗ್ಯಾರೇಜಿಗೆ ಕರೆದುಕೊಂಡು ಹೋದಾಗ ಉಸ್ತಾದರು ನನ್ನ ಓದು ಕೇಳಲಿಲ್ಲ, ಮಣಿಕಟ್ಟು ಹಿಡಿದು ನೋಡಿದರು. "ಸಣ್ಣಕೈತೆ, ಇರ್ಲಿ ಬುಡಿ ಗೌಡ್ರೆ" ಅಂದರು. ಅಂಬಾಸಿಡರ್ ಕಾರಿನ ಸೆಲ್ಫ್ ಮೋಟಾರಿನ ಹಿಂದಕ್ಕೆ ದೊಡ್ಡವರ ಕೈ ಹೊಕ್ಕರೆ ಮೊಣಕೈ ಸಿಕ್ಕಿಕೊಳ್ಳುತ್ತಿತ್ತು. ಹುಡುಗನ ಕೈ ಹೋಗಿ ಬರುತ್ತಿತ್ತು. ಹಾಗಾಗಿ ರಸ್ತೆಬದಿಯ ಗ್ಯಾರೇಜೆಂದರೆ ಒಬ್ಬನಾದರೂ ಹುಡುಗ ಇರಲೇಬೇಕಿತ್ತು. ಆರದ ಸೈಲೆನ್ಸರ್ ತಾಗಿ ಸುಟ್ಟ ಗುರುತು ನನ್ನ ವಯಸ್ಸಿನ ಮೆಕ್ಯಾನಿಕ್ಕುಗಳ ಮುಂಗೈಯಲ್ಲಿ ಇವತ್ತಿಗೂ ಇದೆ. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. 2016ರ ತಿದ್ದುಪಡಿಯಾದ ಮೇಲಂತೂ 14 ತುಂಬದವರನ್ನು ಇಂಥ ಕೆಲಸಕ್ಕೆ ಸೇರಿಸಿಕೊಳ್ಳುವಂತೆಯೇ ಇಲ್ಲ. ಒಳ್ಳೆಯದಾಯಿತು. "ಆಗಿನ ಹುಡುಗರು ಎಷ್ಟು ಚುರುಕು" ಎಂದು ಹಳೇ ಕಾಲ ಹೊಗಳುವವರು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೈ ಎಟುಕಿದರೂ ಅಳತೆ ಕೂಡಬೇಕಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಬೋಲ್ಟಿನ ಥ್ರೆಡ್ಡಿಗೆ ಒಂದು ಕಟ್ಟಳೆ ಮಾಡಿದ. ಅಮೆರಿಕದವರು ತಮ್ಮದೇ ಬೇರೆ ಮಾಡಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರದೆ ಪಾಡುಪಟ್ಟ ಮೇಲೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಒಂದೇ ಥ್ರೆಡ್ಡಿಗೆ ಒಪ್ಪಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನ ಸಾರಿಗೆ ಇಲಾಖೆ ತೆರೆಯಿತು. ಯುದ್ಧ ಮುಗಿದು ಹರಾಜಾದ ಮಿಲಿಟರಿ ಜೀಪುಗಳೂ ಲಾರಿಗಳೂ ಆಗ ಊರೂರು ಸೇರುತ್ತಿದ್ದವು. ನಮ್ಮ ಉಸ್ತಾದರು ಕೆಲಸ ಕಲಿತದ್ದು ಆ ಗಾಡಿಗಳ ಮೇಲೆ, ಇಂಚಿನ ಲೆಕ್ಕದಲ್ಲಿ.

1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿದರು. ಅದರದು ಮಿಲಿಮೀಟರು. ಇಟಲಿಯಿಂದ ಬಂದ ಫಿಯೆಟ್ಟಿನದೂ ಮಿಲಿಮೀಟರೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ಅಂಬಾಸಿಡರಿನದು ಇಂಚು. ಒಂದೇ ಶೆಡ್ಡಿನಲ್ಲಿ ಎರಡು ಸಂಸಾರ. ಅರ್ಧ ಇಂಚು ಎಂದರೆ 12.7 ಮಿ.ಮೀ. 13ರ ಸ್ಪಾನರ್ ಅದಕ್ಕೆ ಕೂತಂತೆ ಕಾಣುತ್ತದೆ. ಎದುರಿಗಿರುವ ಬೋಲ್ಟಾದರೆ ಆ ಸಡಿಲವನ್ನು ಕೈ ತಡೆದುಕೊಳ್ಳುತ್ತದೆ. ಕತ್ತಲಲ್ಲಿ, ಓರೆಯಾಗಿ ಹಿಡಿದು ಎಳೆದರೆ ತಲೆಯ ಮೂಲೆ ಸವೆದು ಗುಂಡಗಾಯಿತೆಂದೇ ಲೆಕ್ಕ. ಆಮೇಲೆ ಉಳಿ, ಸುತ್ತಿಗೆ. ಮುಕ್ಕಾಲು ಇಂಚು ಮಾತ್ರ ಪುಣ್ಯಾತ್ಮ: 19.05. ದೊಡ್ಡ ಬೋಲ್ಟಿಗೆ 19 ಹಾಕಿ ಪಾರಾದವರು ಬಹಳ. ಮುಂದೆ 1983ರ ಕೊನೆಗೆ ಮಾರುತಿ ಬಂತು, ಜಪಾನಿನ ತಲೆ. ಅದೇ 8 ಮಿ.ಮೀ. ಬೋಲ್ಟಿಗೆ ಜರ್ಮನಿಯವರು 13ರ ತಲೆ ಇಟ್ಟಿದ್ದರೆ ಜಪಾನಿನವರು 12 ಇಟ್ಟಿದ್ದರು. ಮತ್ತೆ ಹೊಸ ಸೆಟ್ಟಿಗೆ ದುಡ್ಡು.

ಬೋಲ್ಟು ಇಷ್ಟು ಅಡಗಿ ಕೂರಲು ಮುಖ್ಯ ಕಾರಣ, ನನ್ನ ಲೆಕ್ಕದಲ್ಲಿ, ಸ್ಟೀರಿಂಗು. ಜರ್ಮನಿ, ಇಟಲಿಯ ಗಾಡಿಗಳು ಎಡಗಡೆ ಸ್ಟೀರಿಂಗಿಗೆಂದು ಹುಟ್ಟಿದವು. ಇಲ್ಲಿಗೆ ಬಂದಾಗ ಅದು ಬಲಕ್ಕೆ ಹೊರಳಿತು, ಎಂಜಿನ್ ಮಾತ್ರ ಇದ್ದ ಹಾಗೇ ಇತ್ತು. ಅಲ್ಲಿ ಕೈ ಹೋಗುತ್ತಿದ್ದ ಜಾಗದಲ್ಲಿ ಇಲ್ಲಿ ಕಬ್ಬಿಣದ ಕೊಳವೆ ಬಂದು ಕೂತಿತು.

ಹೀಗೆ ಅಡಗಿದ ಬೋಲ್ಟಿಗೆ ಸಿಕ್ಕ ಉತ್ತರ ಅಂಗಡಿಯದಲ್ಲ, ಕುಲುಮೆಯದು. ಅಲ್ಲಿಗೆ ನಮ್ಮನ್ನು ಓಡಿಸಿದ್ದು ಕಬ್ಬು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, ಆಮೇಲೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ ಆದ ಮೇಲೆ ಇಲ್ಲಿನ ಗಾಡಿಗಳ ಪಂಚಾಂಗವೇ ಕಬ್ಬಿನದಾಯಿತು. ಕಟಾವಿನ ಕಾಲದಲ್ಲಿ ಲಾರಿ ನಿಂತರೆ ಕಡಿದ ಕಬ್ಬು ಗದ್ದೆಯಲ್ಲೇ ಒಣಗಿ ತೂಕ ಬೀಳುತ್ತದೆ. ಆಲೆಮನೆಯ ಆಯಿಲ್ ಎಂಜಿನ್ ನಿಂತರೂ ಅದೇ ಪಾಡು, ಕೊಪ್ಪರಿಗೆ ತಣ್ಣಗಾಗುತ್ತದೆ. ಯಾರಿಗೂ ಕಾಯುವ ವ್ಯವಧಾನ ಇಲ್ಲ. ಮಚ್ಚು, ಕುಡುಗೋಲು, ನೇಗಿಲ ಗುಳ ಬಡಿಯುತ್ತಿದ್ದ ಕಮ್ಮಾರರ ಬಳಿಗೆ ನಾವು ಒಳ್ಳೆಯ ಸ್ಪಾನರನ್ನೇ ಒಯ್ದು ಅರ್ಧಕ್ಕೆ ಕತ್ತರಿಸಿ, ಕೆಂಪಗೆ ಕಾಸಿ, ಬಗ್ಗಿಸಿ ಕೊಡಿ ಎನ್ನುತ್ತಿದ್ದೆವು. ಕಾಸಿದ ಉಕ್ಕು ಮೆತ್ತಗಾಗುತ್ತದೆ, ಅದನ್ನು ಮತ್ತೆ ಎಣ್ಣೆಯಲ್ಲಿ ಅದ್ದಿ ಹದ ಕೊಡಬೇಕು. ಹದ ಹೆಚ್ಚಾದರೆ ಮುರಿಯುತ್ತದೆ, ಕಮ್ಮಿಯಾದರೆ ಬಾಯಿ ಅಗಲವಾಗುತ್ತದೆ. ಬಾಗು ಎಲ್ಲಿ, ಎಷ್ಟು ಎಂಬುದನ್ನು ತಂತಿ ಬಗ್ಗಿಸಿ ಮಾದರಿ ತೋರಿಸುತ್ತಿದ್ದೆವು. ಇಂಥ ಗಾಡಿಯ ಇಂಥ ಬೋಲ್ಟಿಗೇ ಎಂದು ಒಂದೊಂದು. ಬೇರೆ ಕೆಲಸಕ್ಕೆ ಅದು ಬಾರದು.

ಬೆಳ್ಳೂರು ಕ್ರಾಸಿನ ಕಡೆಯಿಂದ ನಮ್ಮಲ್ಲಿಗೆ ಬರುತ್ತಿದ್ದವು ಶಿರಾಡಿ ಘಾಟಿ ಹತ್ತಿ ಕ್ಲಚ್ಚು ಸುಟ್ಟುಕೊಂಡ ಲಾರಿಗಳು. ಕ್ಲಚ್ ಪ್ಲೇಟ್ ಬದಲಿಸಲೂ ಬಿಚ್ಚಬೇಕಾದ್ದು ಅದೇ ನೆತ್ತಿಯ ಬೋಲ್ಟು. ಕ್ಯಾಬಿನ್ನಿನೊಳಗೆ ಬಾನೆಟ್ಟು ಎತ್ತಿ, ತಲೆಕೆಳಗಾಗಿ ಒಬ್ಬ ಇಳಿಯಬೇಕು. ನಾಗಮಂಗಲದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ಮನೆತನಗಳಿವೆಯಲ್ಲ, ಅಲ್ಲಿಂದ ಉಸ್ತಾದರು ದಪ್ಪ ಹಿತ್ತಾಳೆ ತುಂಡು ತರಿಸಿಕೊಳ್ಳುತ್ತಿದ್ದರು. ತುಕ್ಕು ಹಿಡಿದ ಬೋಲ್ಟಿನ ತಲೆಗೆ ಅದನ್ನಿಟ್ಟು ಮೂರು ನಾಲ್ಕು ಏಟು. ಹಿತ್ತಾಳೆ ಜಜ್ಜುತ್ತದೆ, ಬೋಲ್ಟಿನ ಮೂಲೆ ಉಳಿಯುತ್ತದೆ. ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿರಬೇಕು. ಬೆಳಿಗ್ಗೆ ಮೊದಲು ಕೂದಲೆಳೆಯಷ್ಟು ಬಿಗಿಮಾಡಿ ಆಮೇಲೆ ಸಡಿಲಿಸಬೇಕು. ಕೆ.ಆರ್.ಪೇಟೆಯ ಟ್ರ್ಯಾಕ್ಟರುಗಳಿಗೆ ಇಷ್ಟು ಕಷ್ಟವಿಲ್ಲ. ಚಾಸಿಯೇ ಇಲ್ಲದ ಅದರಲ್ಲಿ ಎಂಜಿನ್ನೇ ಅರ್ಧ ಮೈ. ಜಾಕು, ಮರದ ದಿಮ್ಮಿ ಕೊಟ್ಟು ನಡುವಿಗೆ ಬಿಡಿಸಿದರೆ ಆಯಿತು.

ಕಾರಿನ ವಿಷಯದಲ್ಲಿ ಉಸ್ತಾದರು ಕಲಿಸಿದ ದೊಡ್ಡ ಪಾಠಕ್ಕೆ ಯಾವ ಬಾಗಿದ ಸ್ಪಾನರೂ ಬೇಡ. ಹುಣಸೆಮರದ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ ಎಂಜಿನ್ನಿನ ಭಾರ ಹೊತ್ತುಕೊಂಡ ಮೇಲೆ ಅವರು ಗೇರ್ ಬಾಕ್ಸಿನ ಹಿಂದಿನ ಮೌಂಟಿಂಗ್ ಬಿಚ್ಚಿಸುತ್ತಿದ್ದರು. "ಬಾಲ ಇಳ್ಸಲಾ, ತಲೆ ತಾನೇ ತೋರ್ತದೆ." ಬಾಲ ಒಂದು ಗೇಣು ಇಳಿದರೆ ಇಡೀ ಎಂಜಿನ್ ಹಿಂದಕ್ಕೆ ವಾಲಿ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಅಂಟಿದ್ದ ಬೋಲ್ಟು ಬೆಳಕಿಗೆ ಬರುತ್ತಿತ್ತು. ಕೆಳಗೆ ಮಲಗಿ, ಎಕ್ಸ್‌ಟೆನ್ಶನ್ ರಾಡಿಗೆ ರಾಡು ಸೇರಿಸಿ, ತುದಿಗೊಂದು ಯೂನಿವರ್ಸಲ್ ಜಾಯಿಂಟ್ ಹಾಕಿ ಗೇರ್ ಬಾಕ್ಸಿನ ಬೆನ್ನ ಮೇಲೆ ಹಾಯಿಸಿದರೆ ಸಾಕೆಟ್ಟು ನೇರ ಹೋಗಿ ಕೂರುತ್ತಿತ್ತು. ಬೋಲ್ಟು ಬೀಳದಿರಲಿ ಎಂದು ಸಾಕೆಟ್ಟಿನೊಳಗೆ ಒಂದು ಚೂರು ಗ್ರೀಸು.

ಈಗ ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಇದೆ, ಕತ್ತು ತಿರುಗಿಸುವ ರ್‍ಯಾಚೆಟ್ ಇದೆ. ಐಟಿಐ ಕಲಿತು ಬಂದ ನನ್ನ ಹುಡುಗ ಬೋಲ್ಟನ್ನು ಪರದೆಯಲ್ಲಿ ನೋಡಿಯೇ ಬಿಚ್ಚುತ್ತಾನೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಈಗ ಶ್ರೀರಂಗಪಟ್ಟಣದ ಹಳೇ ರಸ್ತೆಯಲ್ಲಿ ಕೆಟ್ಟು ನಿಲ್ಲುವ ಗಾಡಿಗಳೇ ಕಮ್ಮಿ. ಆದರೂ ಹಳೇ ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಹೊಸದು ಮಾಡಿಸುವ ಶೋಕಿಯವರು ಹೆಚ್ಚಿದ್ದಾರೆ. ಅವರ ಮೆಕ್ಯಾನಿಕ್ಕುಗಳು ನೆತ್ತಿಯ ಬೋಲ್ಟಿಗೆ ಬಂದು ನಿಂತಾಗ ನನ್ನ ಕುಲುಮೆಯ ಸ್ಪಾನರ್ ಕೇಳಿಕೊಂಡು ಬರುತ್ತಾರೆ. ಕೊಡುತ್ತೇನೆ. ಬೈಕಿನ ಕೀ ಇಸಿದುಕೊಂಡು ಕೊಡುತ್ತೇನೆ. ಹೋದವು ವಾಪಸ್ ಬರುವುದಿಲ್ಲ, ಬಡಿದು ಕೊಡುವ ಕಮ್ಮಾರರೂ ಈಗಿಲ್ಲ.