ಬಾಗಿಲಿಗೆ ಬಂದ ಪ್ರೇಮಪತ್ರ

ವತ್ಸರಾಜ ಉದಯನನ ಕಥೆಯನ್ನು ವಾಚಕರು ಕೇಳಿಯೇ ಇರುತ್ತೀರಿ. ಅವನಿಗೆ ಆನೆಗಳೆಂದರೆ ಪ್ರಾಣ. ಇದನ್ನರಿತ ಉಜ್ಜಯಿನಿಯ ಪ್ರದ್ಯೋತನು ಕಾಡಿನಲ್ಲಿ ಕೃತಕವಾದ ಆನೆಯೊಂದನ್ನು ನಿಲ್ಲಿಸಿ, ಅದರೊಳಗೆ ಯೋಧರನ್ನು ಅಡಗಿಸಿದನು. ವೀಣೆ ಹಿಡಿದು ಸಮೀಪಿಸಿದ ಉದಯನನು ಸೆರೆಸಿಕ್ಕಿದನು. ಇಲ್ಲಿ ಶತ್ರುವು ಕೋಟೆಯನ್ನು ಒಡೆಯಲಿಲ್ಲ. ಅರಸನ ಪ್ರೀತಿಯೇ ಅವನಿಗೆ ದಾರಿಯಾಯಿತು. ಈ-ಮೇಲ್ ಎಂಬ ವಿದ್ಯುನ್ಮಾನ ಅಂಚೆಯಲ್ಲಿ ವೈರಸ್ಸುಗಳು ಹರಡಿದ ಚರಿತ್ರೆಯೂ ಇದೇ ಉಪಾಯದ ಚರಿತ್ರೆಯಾಗಿದೆ.

1987ರ ಡಿಸೆಂಬರಿನಲ್ಲಿ ಪಶ್ಚಿಮ ಜರ್ಮನಿಯ ವಿದ್ಯಾರ್ಥಿಯೊಬ್ಬನು ಕ್ರಿಸ್ಮಸ್ ಶುಭಾಶಯದ ವೇಷದಲ್ಲಿ ಒಂದು ಪ್ರೋಗ್ರಾಮನ್ನು ಬರೆದನು. ಪಡೆದವರು ಅದನ್ನು ನಡೆಸಿದರೆ ತೆರೆಯ ಮೇಲೆ ಅಕ್ಷರಗಳಿಂದಾದ ಮರವೊಂದು ಮೂಡುತ್ತಿತ್ತು. ಅವರು ಅದನ್ನು ನೋಡಿ ನಗುವಷ್ಟರಲ್ಲಿ, ಅದು ಅವರ ಪರಿಚಿತರ ಪಟ್ಟಿಯನ್ನೋದಿ ಎಲ್ಲರಿಗೂ ತನ್ನ ಪ್ರತಿಯನ್ನು ಕಳಿಸಿಬಿಡುತ್ತಿತ್ತು. ಐಬಿಎಂ ಸಂಸ್ಥೆಯ ಒಳಜಾಲವೂ ಈ ಶುಭಾಶಯಗಳ ಭಾರಕ್ಕೆ ತತ್ತರಿಸಿತು.

1999ರ ಮಾರ್ಚ್ 26ರಂದು ಅಮೆರಿಕದಲ್ಲಿ 'ಮೆಲಿಸ್ಸಾ' ಹೊರಟಿತು. ಇದು ಅಡಗಿದ್ದುದು ವರ್ಡ್ ದಸ್ತಾವೇಜಿನಲ್ಲಿ. ತೆರೆದವರ ವಿಳಾಸಪಟ್ಟಿಯ ಮೊದಲ 50 ಜನರಿಗೆ, ತೆರೆದವರ ಹೆಸರಿನಲ್ಲಿಯೇ, ಅದು ಪತ್ರ ಬರೆಯುತ್ತಿತ್ತು. ಕರ್ತೃವಿಗೆ 2002ರಲ್ಲಿ 20 ತಿಂಗಳ ಸೆರೆವಾಸವಾಯಿತು.

ಇವೆರಡನ್ನೂ ಮೀರಿಸಿದ್ದು 2000ದ ಮೇ 4ರಂದು ಫಿಲಿಪ್ಪೀನ್ಸಿನ ಮನಿಲಾದಿಂದ ಹೊರಟ ಪತ್ರ. ಅದರ ಶೀರ್ಷಿಕೆ 'ಐ ಲವ್ ಯೂ'. ಜೊತೆಗಿದ್ದ ಕಡತದ ಹೆಸರು 'ನಿನಗೊಂದು ಪ್ರೇಮಪತ್ರ' ಎಂಬರ್ಥದ್ದು. ಹೆಸರಿನ ತುದಿಯಲ್ಲಿ ಬರಿಯ ಬರಹವನ್ನು ಸೂಚಿಸುವ 'ಟಿಎಕ್ಸ್‌ಟಿ'. ಆದರೆ ಅದರಾಚೆ 'ವಿಬಿಎಸ್' ಎಂಬ ಇನ್ನೊಂದು ಬಾಲವಿತ್ತು. ವಿಂಡೋಸ್ ವ್ಯವಸ್ಥೆಯು ಆ ಬಾಲವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಓದುವ ಕಾಗದವೆಂದು ಜನ ಒತ್ತಿದ್ದು, ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮನ್ನು! ಅದು ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನನ್ನು ಕಳಿಸಿತು. ಚಿತ್ರಗಳ ಕಡತಗಳನ್ನು ಅಳಿಸಿ ಆ ಜಾಗದಲ್ಲಿ ತಾನೇ ಕುಳಿತಿತು. ಸಂಗೀತದ ಕಡತಗಳನ್ನು ಬಚ್ಚಿಟ್ಟಿತು. ಬ್ರಿಟನ್ನಿನ ಪಾರ್ಲಿಮೆಂಟು ತನ್ನ ಈ-ಮೇಲನ್ನೇ ನಿಲ್ಲಿಸಬೇಕಾಯಿತು. ಮಕ್ಕಳ ಬಾಲ್ಯದ ಭಾವಚಿತ್ರಗಳು ಒಂದೇ ಪ್ರತಿಯಲ್ಲಿದ್ದ ಮನೆಗಳ ಪಾಡನ್ನು ತಾವೇ ಊಹಿಸಿರಿ.

ಶಂಕಿತನು ಸಿಕ್ಕಿದನು, ಆದರೆ ಶಿಕ್ಷಿಸಲು ಆ ದೇಶದಲ್ಲಿ ಕಾನೂನಿರಲಿಲ್ಲ. ಜೂನ್ 14ರಂದು ಹೊಸ ಶಾಸನವಾಯಿತಾದರೂ ಹಿಂದಿನ ಕೃತ್ಯಕ್ಕೆ ಅದು ಅನ್ವಯಿಸಲಿಲ್ಲ. ಆಗಸ್ಟಿನಲ್ಲಿ ಮೊಕದ್ದಮೆಯನ್ನು ಕೈಬಿಡಲಾಯಿತು. ನಮ್ಮ ದೇಶದಲ್ಲಿ ವೈರಸ್ಸು ಹರಡುವುದನ್ನು ತಪ್ಪೆಂದು ಹೇಳುವ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಅದೇ ವರ್ಷದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಮೈಕ್ರೋಸಾಫ್ಟ್ ಸಂಸ್ಥೆಯೂ ಇಂಥ ಕಡತಗಳು ಅಂಚೆಯಲ್ಲಿ ತೆರೆಯದಂತೆ ತಡೆ ಹಾಕಿತು. ಅಂತರಜಾಲದಿಂದ ಬಂದ ದಸ್ತಾವೇಜುಗಳಲ್ಲಿನ ಆಜ್ಞೆಗಳನ್ನು ತಾನಾಗಿಯೇ ತಡೆಯುವ ಕ್ರಮ ಮಾತ್ರ 2022ರಲ್ಲಿ ಬಂದಿತು.

ಇಷ್ಟಾದರೂ ಕೃತಕ ಗಜವು ವೇಷ ಬದಲಿಸಿ ಬರುತ್ತಲೇ ಇದೆ. ಈಗ ಅದು ಮದುವೆಯ ಕರೆಯೋಲೆಯಾಗಿ, 'ಎಪಿಕೆ' ಎಂಬ ಬಾಲ ಹೊತ್ತು ಕೈಯೊಳಗಿನ ಫೋನಿಗೇ ಬರುವುದುಂಟು. ಹೀಗಿರುವಾಗ ನಮ್ಮ ಕರ್ತವ್ಯವೇನು? ಕಡತದ ಹೆಸರನ್ನು ಬಾಲದವರೆಗೂ ಓದಿರಿ. ವ್ಯವಸ್ಥೆಯ ಹಾಗೂ ವೈರಸ್ ನಿರೋಧಕದ ಪರಿಷ್ಕರಣಗಳನ್ನು ಮುಂದೂಡಬೇಡಿರಿ. ಅಮೂಲ್ಯವಾದುದರ ಪ್ರತಿಯೊಂದನ್ನು ಬೇರೆಡೆ ಇಡಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಕೇಳದೆ ಬಂದ ಕಡತವು ಮಿತ್ರನ ಹೆಸರಿನಲ್ಲಿದ್ದರೂ ತೆರೆಯುವ ಮುನ್ನ ಅವನಿಗೆ ಫೋನು ಮಾಡಿ, "ಇದನ್ನು ನೀನೇ ಕಳಿಸಿದೆಯಾ?" ಎಂದು ಕೇಳಿರಿ. ರಾತ್ರಿ ಕದ ತಟ್ಟಿದವರನ್ನು, ದನಿ ಪರಿಚಿತವಾದರೂ, "ಯಾರು?" ಎಂದು ವಿಚಾರಿಸಿಯೇ ನಾವು ಅಗುಳಿ ತೆಗೆಯುತ್ತೇವೆ. ಅದಕ್ಕಾಗಿ ಯಾವ ನೆಂಟನೂ ಮುನಿಸಿಕೊಂಡು ಹಿಂದಿರುಗಿದ್ದಿಲ್ಲ.